ಎಳೆ ಹೋರಿಗಳನ್ನು ಪಳಗಿಸುವ ಕ್ರಮ

ಟ್ರ್ಯಾಕ್ಟರುಗಳ ಬಳಕೆ ಹೆಚ್ಚಿದ್ದರೂ ಸಣ್ಣ ಹಿಡುವಳಿಗಳಲ್ಲಿ ಕೂರಿಗೆ ಬಿತ್ತನೆ, ಎಡೆಕುಂಟೆ ಹಾಯಿಸುವುದು ಮುಂತಾದ ಕೆಲಸಗಳಿಗೆ ಎತ್ತುಗಳನ್ನು ಅವಲಂಬಿಸಿದ ರೈತರು ಈಗಲೂ ಇದ್ದಾರೆ. ರಾಗಿಯ ಸಾಲುಗಳ ನಡುವೆ ಇರುವುದು 30 ಸೆಂ.ಮೀ. ಅಂತರ. ಬೆದರಿದ ಎತ್ತು ಅಡ್ಡ ಹೆಜ್ಜೆ ಇಟ್ಟರೆ ಪೈರು ತುಳಿತಕ್ಕೆ ಸಿಗುತ್ತದೆ. ಆದುದರಿಂದ ಎತ್ತಿನ ಬಲದಷ್ಟೇ ಅದರ ಸಮಾಧಾನವೂ ಮುಖ್ಯ.

ಹಳ್ಳಿಕಾರ್, ಅಮೃತಮಹಲ್ ಮತ್ತು ಖಿಲಾರಿ ತಳಿಗಳು ಚುರುಕು ನಡಿಗೆಗೆ ಹೆಸರಾದವು. ಚುರುಕಿನ ಹೋರಿ ಬೇಗ ಕಲಿಯುತ್ತದೆ, ಬೇಗ ಬೆದರುತ್ತದೆ. ಹೊಡೆದು ಸೊಕ್ಕು ಮುರಿಯುವುದೇ ಪಳಗಿಸುವುದು ಎಂಬ ಭಾವನೆ ಕೆಲವರಲ್ಲಿದೆ. ಇದು ತಪ್ಪು. ಹೋರಿಗೆ ರೈತನ ಸೂಚನೆ ತಿಳಿಯಬೇಕು. ಹೋರಿಯ ಸೂಚನೆಯನ್ನು ರೈತನೂ ತಿಳಿಯಬೇಕು.

ಹೋರಿಯ ದೃಷ್ಟಿ

ಹೋರಿಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ತಲೆ ತಿರುಗಿಸದೆಯೇ ಬಹುಪಾಲು ಸುತ್ತಲೂ ಕಾಣುತ್ತದೆ. ನೇರ ಹಿಂಭಾಗ ಮಾತ್ರ ಕಾಣುವುದಿಲ್ಲ. ಹಿಂದಿನಿಂದ ಸದ್ದಿಲ್ಲದೆ ಹೋದವನನ್ನು ಅದು ಒದೆಯುವುದು ಹೆದರಿಕೆಯಿಂದ, ಹಟದಿಂದಲ್ಲ. ಮಾತನಾಡಿಸುತ್ತಾ ಭುಜದ ಪಕ್ಕದಿಂದ ಸಮೀಪಿಸಬೇಕು. ಮನುಷ್ಯ ಭುಜಕ್ಕಿಂತ ಹಿಂದೆ ನಿಂತರೆ ಹೋರಿ ಮುಂದಕ್ಕೆ ನಡೆಯುತ್ತದೆ. ಭುಜಕ್ಕಿಂತ ಮುಂದೆ ಬಂದರೆ ನಿಲ್ಲುತ್ತದೆ ಅಥವಾ ಹಿಂದೆ ಸರಿಯುತ್ತದೆ.

ಪಳಗಿಸುವ ಹಂತಗಳು

1. ಸಲುಗೆ: ಕರುವಾಗಿರುವಾಗಲೇ ಮೈ ಉಜ್ಜುವುದು, ಕಾಲು ಎತ್ತಿ ನೋಡುವುದು, ಹೆಗಲ ಮೇಲೆ ಕೈಯಿಡುವುದು ರೂಢಿಯಾಗಬೇಕು. ಮೂಗುದಾರವನ್ನು ಪಶುವೈದ್ಯರ ನೆರವಿನಿಂದ ಹಾಕಿಸಿ, ಗಾಯ ಪೂರ್ಣ ಮಾಯುವವರೆಗೆ ಅದನ್ನು ಹಿಡಿದು ಎಳೆಯಬಾರದು.

2. ಹಗ್ಗದ ಪಾಠ: ಹಗ್ಗವನ್ನು ಮೆಲ್ಲಗೆ ಬಿಗಿ ಮಾಡಬೇಕು. ಹೋರಿ ಒಂದು ಹೆಜ್ಜೆ ಇಟ್ಟ ಕೂಡಲೇ ಸಡಿಲಿಸಬೇಕು. ಹೋರಿ ಕಲಿಯುವುದು ಈ ಸಡಿಲಿಕೆಯಿಂದ. ಹೆಜ್ಜೆ ಇಟ್ಟ ಮೇಲೂ ಹಗ್ಗ ಬಿಗಿಯಾಗಿಯೇ ಇದ್ದರೆ ಮಾತು ಕೇಳಿದ್ದರಿಂದ ಅದಕ್ಕೆ ಲಾಭವೇನೂ ಕಾಣುವುದಿಲ್ಲ. ನಡೆ, ನಿಲ್ಲು, ತಿರುಗು ಎಂಬುದಕ್ಕೆ ಮನೆಮಂದಿಯೆಲ್ಲ ಒಂದೇ ಮಾತನ್ನು ಬಳಸಬೇಕು.

3. ನೊಗದ ಪಾಠ: ಎರಡೂವರೆಯಿಂದ ಮೂರು ವರ್ಷದ ಹೋರಿಯನ್ನು ಅನುಭವವುಳ್ಳ ಸಾಧು ಎತ್ತಿನ ಜೊತೆ ಕಟ್ಟಿ, ಬರಿಯ ನೊಗದೊಡನೆ ತಂಪು ಹೊತ್ತಿನಲ್ಲಿ 15-20 ನಿಮಿಷ ನಡೆಸಬೇಕು. ಚೆನ್ನಾಗಿ ನಡೆದಾಗಲೇ ಪಾಠ ನಿಲ್ಲಿಸಿ ಬೆನ್ನು ತಟ್ಟಬೇಕು.

4. ಎಳೆತ: ಮೊದಲು ಹಗುರವಾದ ಮರದ ತುಂಡು, ಬಳಿಕ ಕುಂಟೆ, ಕೊನೆಗೆ ಗಾಡಿ. ಬೆಳೆದ ಎತ್ತು ಬಹಳ ಹೊತ್ತು ಎಳೆಯಬಲ್ಲುದು ತನ್ನ ತೂಕದ ಸುಮಾರು ಹತ್ತನೆಯ ಒಂದು ಭಾಗದ ಬಲದಿಂದ ಮಾತ್ರ. 300 ಕಿಲೋ ಎತ್ತಿಗೆ ಇದು ಸುಮಾರು 30 ಕಿಲೋ. ಎಳೆ ಹೋರಿಯಿಂದ ಇಷ್ಟನ್ನು ನಿರೀಕ್ಷಿಸಬಾರದು. ನಾಲ್ಕು ವರ್ಷ ತುಂಬುವವರೆಗೆ ಭಾರೀ ಕೆಲಸ ಬೇಡ.

ನೊಗದಡಿ ಮಲಗುವ ಹೋರಿ

ನೊಗ ಹೊತ್ತ ಹೋರಿ ಮಲಗಿಬಿಟ್ಟರೆ ಬಾಲ ತಿರುಚುವುದು, ಬಾರುಕೋಲಿನಿಂದ ಬಾರಿಸುವುದು ಸಾಮಾನ್ಯ. ಆದರೆ ಮಲಗುವುದಕ್ಕೆ ಮುಂಚೆಯೇ ಅದು ತನ್ನ ಕಷ್ಟವನ್ನು ತೋರಿಸಿರುತ್ತದೆ: ಕಿವಿ ಹಿಂದಕ್ಕೆ ಒತ್ತುವುದು, ಬಾಲ ಬಡಿಯುವುದು, ತಲೆ ಒದರುವುದು, ಬಾಯಿ ತೆರೆದು ಏದುವುದು, ನೊಗದ ಒಂದೇ ಪಕ್ಕಕ್ಕೆ ವಾಲುವುದು. ಇವುಗಳಲ್ಲಿ ಯಾವುದು ಕಂಡರೂ ಕೆಲಸ ನಿಲ್ಲಿಸಿ ಹೆಗಲನ್ನು ಮುಟ್ಟಿ ನೋಡಬೇಕು. ಬಿಸಿ, ಊತ ಅಥವಾ ನೋವು ಇದ್ದರೆ ಅದು ಹೆಗಲುಬಾವಿನ ಆರಂಭ. ನೊಗದ ಒರಟು ಭಾಗವನ್ನು ಕೆತ್ತಿ ನುಣುಪು ಮಾಡಿಸಿ, ಹೆಗಲು ವಾಸಿಯಾಗುವವರೆಗೆ ವಿಶ್ರಾಂತಿ ಕೊಡಬೇಕು. ಈ ನೋವಿನಲ್ಲೇ ಹೊಡೆಸಿಕೊಂಡ ಹೋರಿ ನೊಗ ಕಂಡೊಡನೆ ಹಿಂಜರಿಯುವುದನ್ನು ಕಲಿಯುತ್ತದೆ. ಹತ್ತಾರು ವರ್ಷ ದುಡಿಯಬೇಕಾದ ಪ್ರಾಣಿ ಹೀಗೆ ಮೊದಲ ತಿಂಗಳಲ್ಲೇ ಕೈಬಿಟ್ಟುಹೋಗುತ್ತದೆ.

ಕಾನೂನಿನ ಮಿತಿ

ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗೆ ಸಂಬಂಧಿಸಿದ 1965ರ ನಿಯಮಗಳು ದಿನಕ್ಕೆ ಒಟ್ಟು 9 ಗಂಟೆ ಹಾಗೂ ಬಿಡುವಿಲ್ಲದೆ 5 ಗಂಟೆ ಮೀರಿದ ದುಡಿಮೆಯನ್ನು ನಿಷೇಧಿಸಿವೆ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಕೂಡದು. ಮೊಳೆ ಬಡಿದ ಕೋಲಿನ ಬಳಕೆಯೂ ನಿಷಿದ್ಧ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ನಿಜ. ಆದರೆ ಗಿಡವನ್ನು ಬಗ್ಗಿಸುವಾಗ ಮುರಿಯದಂತೆ ನೋಡಿಕೊಳ್ಳಬೇಕು. ದಿನಕ್ಕೆ ಅರ್ಧ ಗಂಟೆಯ ತಾಳ್ಮೆಯಿಂದ ಪಳಗಿದ ಜೋಡಿ, ಬಾರುಕೋಲು ಎತ್ತದೆಯೇ ಮಾತಿಗೆ ನಡೆಯುತ್ತದೆ, ಮಾತಿಗೆ ನಿಲ್ಲುತ್ತದೆ. ರೈತ ಬಾಂಧವರು ಎಳೆ ಹೋರಿಗಳಿರುವಾಗಲೇ ಈ ಕ್ರಮವನ್ನು ಆರಂಭಿಸುವುದು ಒಳ್ಳೆಯದು.