ಕಡಲಕರೆಯಲ್ಲಿ ಸೈಕಲ್ಲಿನ ತುಕ್ಕು: ಮೊದಲು ನೀರು, ಆಮೇಲೆ ಎಣ್ಣೆ

ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲು ಮೊದಲಾದ ಕಡಲಕರೆಯ ಊರುಗಳಲ್ಲಿ ಸೈಕಲ್ಲು ಇಟ್ಟುಕೊಂಡ ನಮಗೆಲ್ಲ ತುಕ್ಕಿನ ಕಾಟ ತಿಳಿದದ್ದೇ. ಘಟ್ಟದ ಬುಡದ ಊರುಗಳಲ್ಲಿ ಬಹುಕಾಲ ಹೊಳೆಯುವ ರಿಮ್ಮು ಇಲ್ಲಿ ಬೇಗನೆ ಕಂದುಬಣ್ಣಕ್ಕೆ ತಿರುಗುತ್ತದೆ. ನೋಟ ಕೆಟ್ಟರೆ ದೊಡ್ಡ ನಷ್ಟವೇನಿಲ್ಲ. ಆದರೆ ತೋಟಕ್ಕೆ ಗೊಬ್ಬರ, ಸೊಸೈಟಿಗೆ ಹಾಲು, ಶಾಲೆಗೆ ಮಗು ಇವನ್ನೆಲ್ಲ ಹೊರುವ ವಾಹನವಿದು. ಮುರಕಲ್ಲಿನ ಇಳಿಜಾರಿನಲ್ಲಿ ತುಕ್ಕು ತಿಂದ ಬ್ರೇಕಿನ ತಂತಿ ತುಂಡಾದರೆ ಪ್ರಾಣಕ್ಕೇ ಅಪಾಯ. ಆದುದರಿಂದ ತುಕ್ಕು ಏಕೆ ಹಿಡಿಯುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ತಿಳಿದುಕೊಳ್ಳೋಣ.

ತುಕ್ಕಿಗೆ ಕಾರಣ

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ – ಈ ಮೂರೂ ಸೇರಿದಾಗ ತುಕ್ಕು ಹುಟ್ಟುತ್ತದೆ. ಇದನ್ನು ಮಕ್ಕಳಿಂದ ಮನೆಯಲ್ಲಿಯೇ ಪರೀಕ್ಷೆ ಮಾಡಿಸಬಹುದು. ಮೂರು ಕುಪ್ಪಿಗಳಲ್ಲಿ ಒಂದೊಂದು ಹೊಸ ಕಬ್ಬಿಣದ ಮೊಳೆ ಹಾಕಿರಿ. ಮೊದಲನೆಯದಕ್ಕೆ ಬಾವಿಯ ಸಿಹಿನೀರು, ಎರಡನೆಯದಕ್ಕೆ ಉಪ್ಪುನೀರು, ಮೊಳೆ ಅರ್ಧ ಮುಳುಗುವಷ್ಟು ಹೊಯ್ಯಿರಿ. ಮೂರನೆಯದಕ್ಕೆ ಚೆನ್ನಾಗಿ ಕುದಿಸಿದ ನೀರನ್ನು ಮೊಳೆ ಪೂರ್ತಿ ಮುಳುಗುವಂತೆ ತುಂಬಿ, ಮೇಲೆ ಎಣ್ಣೆ ಬಿಡಿರಿ. ಕುದಿಸಿದಾಗ ನೀರಿನೊಳಗಿನ ಗಾಳಿ ಹೊರಟುಹೋಗುತ್ತದೆ; ಎಣ್ಣೆಯು ಹೊಸ ಗಾಳಿಯನ್ನು ತಡೆಯುತ್ತದೆ. ಕೆಲವು ದಿನಗಳ ಮೇಲೆ ನೋಡಿದರೆ ಉಪ್ಪುನೀರಿನ ಮೊಳೆಗೇ ತುಕ್ಕು ಹೆಚ್ಚು. ಮೂರನೆಯದು ಬಹುಮಟ್ಟಿಗೆ ಇದ್ದ ಹಾಗೆಯೇ ಇರುತ್ತದೆ.

ಉಪ್ಪು ಮಾಡುವ ಕೇಡು ಎರಡು. ಉಪ್ಪುನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ತುಕ್ಕಿನ ಕ್ರಿಯೆ ವೇಗವಾಗುತ್ತದೆ. ಎರಡನೆಯದಾಗಿ, ಉಪ್ಪು ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪು ನೀರೊಡೆಯುವುದನ್ನು ನಾವು ಕಂಡಿಲ್ಲವೆ? ಗಾಳಿಯ ತೇವಾಂಶ ಶೇಕಡಾ 75ನ್ನು ಮೀರಿದರೆ ಅಡಿಗೆಯ ಉಪ್ಪು ಕರಗತೊಡಗುತ್ತದೆ; ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಉಪ್ಪೂ ಇರುವುದರಿಂದ ಅದು ಇನ್ನೂ ಬೇಗ ಒದ್ದೆಯಾಗುತ್ತದೆ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ತೆರೆ ಒಡೆದಾಗ ಹಾರುವ ಸಣ್ಣ ಹನಿಗಳು ಗಾಳಿಯೊಡನೆ ಬಂದು ನಮ್ಮ ಸೈಕಲ್ಲಿನ ಮೇಲೆ ಕುಳಿತಿರುತ್ತವೆ. ಕಣ್ಣಿಗೆ ಒಣಗಿದಂತೆ ಕಂಡರೂ ಕಬ್ಬಿಣವು ರಾತ್ರಿಯೆಲ್ಲ ತೇವದಲ್ಲಿಯೇ ಇರುತ್ತದೆ.

ನಮ್ಮಲ್ಲಿ ಹಲವರು ತುಕ್ಕು ಕಂಡೊಡನೆ ಎಣ್ಣೆ ಸವರುವುದುಂಟು. ಉಪ್ಪಿನ ಮೇಲೆ ಎಣ್ಣೆ ಹಚ್ಚಿದರೆ ಉಪ್ಪು ಅಡಿಯಲ್ಲಿಯೇ ಉಳಿದು ತನ್ನ ಕೆಲಸ ನಡೆಸುತ್ತದೆ. ಮೊದಲು ಉಪ್ಪು ಹೋಗಬೇಕು, ಅನಂತರವೇ ಎಣ್ಣೆ.

ಮಾಡತಕ್ಕ ಕ್ರಮ

1. ವಾರಕ್ಕೊಮ್ಮೆ ಸಿಹಿನೀರಿನಿಂದ ತೊಳೆಯಿರಿ. ಬೇಸಗೆಯಲ್ಲಿ ಉಪ್ಪಾಗುವ ಬಾವಿಯ ನೀರು ಸಲ್ಲದು. ಮಡ್‌ಗಾರ್ಡಿನ ಒಳಬದಿ, ಸೀಟಿನ ಅಡಿ – ಇಲ್ಲಿಯ ಉಪ್ಪನ್ನು ಮಳೆ ತೊಳೆಯಲಾರದು, ಕೈಯಿಂದಲೇ ತೊಳೆಯಬೇಕು. ಮಳೆಯಿಲ್ಲದ ತಿಂಗಳುಗಳಲ್ಲಿ ಮಧ್ಯಾಹ್ನದ ಕಡಲಗಾಳಿ ತಂದ ಉಪ್ಪು ಎಲ್ಲೆಡೆಯೂ ಹಾಗೆಯೇ ಕೂರುವುದರಿಂದ ಬೇಸಗೆಯಲ್ಲಿಯೂ ಇದನ್ನು ಬಿಡಬಾರದು.

2. ಬಟ್ಟೆಯಿಂದ ಒರಸಿ ಬಿಸಿಲಿನಲ್ಲಿ ಒಣಗಿಸಿರಿ.

3. ಚೈನಿನ ಪ್ರತಿ ಗಂಟಿಗೆ ಒಂದೊಂದು ಹನಿ ಮೆಶಿನ್ ಎಣ್ಣೆ ಬಿಟ್ಟು, ಪೆಡಲು ತಿರುಗಿಸಿ, ಹೊರಗೆ ಉಳಿದುದನ್ನು ಒರಸಿರಿ. ಇಲ್ಲವಾದರೆ ಹೊಯಿಗೆ ಅಂಟುತ್ತದೆ. ಕಡ್ಡಿಗಳಿಗೂ ನಟ್ಟುಗಳಿಗೂ ಎಣ್ಣೆಬಟ್ಟೆ ಸವರಿರಿ. ಟಯರಿಗೂ ಬ್ರೇಕಿನ ರಬ್ಬರು ತಾಗುವ ರಿಮ್ಮಿಗೂ ಎಣ್ಣೆ ತಾಗಿಸಬೇಡಿರಿ. ತೆಂಗಿನೆಣ್ಣೆಯು ಕ್ರಮೇಣ ಕಮಟಿ ಹುಳಿಯಾಗುವುದರಿಂದ ಈ ಕೆಲಸಕ್ಕೆ ಒಳ್ಳೆಯದಲ್ಲ.

4. ಬಣ್ಣ ಎದ್ದಲ್ಲಿ ಉಪ್ಪುಕಾಗದದಿಂದ ಹೊಳಪು ಕಾಣುವ ತನಕ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಒಣಗಿದ ಮೇಲೆ ಬಣ್ಣ ಕೊಡಿರಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಆದುದರಿಂದ ತುಕ್ಕಿನ ಮೇಲೆ ಬಳಿದ ಬಣ್ಣ ಎದ್ದುಬರುತ್ತದೆ.

5. ವರ್ಷಕ್ಕೊಮ್ಮೆ, ಪತ್ತನಾಜೆಯ ಮೊದಲೇ, ಚಕ್ರದ ಗುಂಡುಗಳಿಗೂ ಸೀಟಿನ ಕಂಬಕ್ಕೂ ಗ್ರೀಸು ಹಾಕಿಸಿರಿ. ಬ್ರೇಕಿನ ತಂತಿಯ ಒಂದು ಎಳೆ ಕಡಿದಿದ್ದರೂ ತಂತಿಯನ್ನೇ ಬದಲಾಯಿಸಿರಿ.

ಕೃಷಿಕರು ಗಮನಿಸಬೇಕಾದುದು

ಉಪ್ಪು ಕಡಲಿನಿಂದ ಮಾತ್ರ ಬರುವುದಲ್ಲ. ತೆಂಗಿಗೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರವೂ ಒಂದು ಬಗೆಯ ಕ್ಲೋರೈಡು ಉಪ್ಪೇ. ಗೋಣಿ ಸೋರಿ ಕ್ಯಾರಿಯರಿನ ಮೇಲೆ ಬಿದ್ದರೆ ಕಡಲ ಉಪ್ಪಿನ ಕೇಡನ್ನೇ ಮಾಡುತ್ತದೆ. ಉಪ್ಪುಮೀನಿನ ಬುಟ್ಟಿಯ ನೀರೂ ಹಾಗೆಯೇ. ಅಂದಂದೇ ತೊಳೆಯುವುದು ಲೇಸು. ರಾತ್ರಿ ಸೈಕಲ್ಲನ್ನು ದನದ ಹಟ್ಟಿಯ ತೇವದಲ್ಲಿ ನಿಲ್ಲಿಸದೆ, ಗಾಳಿಯಾಡುವ ಜಗಲಿಯಲ್ಲಿ ಕಡಲಿಗೆ ಮರೆಯಾಗುವಂತೆ ಇಡಿರಿ. ಒದ್ದೆ ಸೈಕಲ್ಲಿಗೆ ಪ್ಲಾಸ್ಟಿಕ್ ಹಾಳೆ ಬಿಗಿದರೆ ತೇವ ಒಳಗೇ ಉಳಿಯುತ್ತದೆ.

ಕತ್ತಿ, ಹಾರೆ, ಪಿಕ್ಕಾಸುಗಳಿಗೂ ಇದೇ ಕ್ರಮ ಸಲ್ಲುತ್ತದೆ. ವಾರದ ಈ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸೋಣ. ಕುಪ್ಪಿಯಲ್ಲಿ ಮೊಳೆಯ ಪಾಡನ್ನು ಕಂಡ ಮಗು ಸೈಕಲ್ಲು ತೊಳೆಯುವುದನ್ನು ಮರೆಯಲಾರದು.