ಜೂಲಿಯಸ್ ನೈರೇರೆ: ತಾಂಜಾನಿಯಾದ ರಾಷ್ಟ್ರಪಿತ

ಭಾರತ ಸರ್ಕಾರದ ಗಾಂಧಿ ಶಾಂತಿ ಪ್ರಶಸ್ತಿ ಮೊದಲು ಸಂದದ್ದು (1995) ಯಾರಿಗೆ? ಪರೀಕ್ಷೆಗೆ ಹೇಳಿ ಮಾಡಿಸಿದಂಥ ಈ ಪ್ರಶ್ನೆಗೆ ಉತ್ತರ ಜೂಲಿಯಸ್ ನೈರೇರೆ.

ಜನನ 1922ರ ಏಪ್ರಿಲ್ 13, ಬುಟಿಯಾಮಾ ಗ್ರಾಮ. ಮಕೆರೆರೆ ಕಾಲೇಜು ಮತ್ತು ಎಡಿನ್‌ಬರೋದಲ್ಲಿ ವ್ಯಾಸಂಗ. ವೃತ್ತಿಯಿಂದ ಶಿಕ್ಷಕರು, ಹಾಗಾಗಿ ಜನ ಕೊನೆಯವರೆಗೂ ‘ಮ್ವಾಲಿಮು’ (ಗುರು) ಎಂದೇ ಕರೆದರು. 1954ರಲ್ಲಿ ಟಾನು (ಟಾಂಗನಿಕಾ ಆಫ್ರಿಕನ್ ನ್ಯಾಷನಲ್ ಯೂನಿಯನ್) ಪಕ್ಷ ಕಟ್ಟಿದರು. 1961ರ ಡಿಸೆಂಬರ್ 9ರಂದು ಟಾಂಗನಿಕಾ ಬ್ರಿಟಿಷ್ ಆಡಳಿತದಿಂದ ಸ್ವತಂತ್ರವಾಯಿತು. 1964ರ ಏಪ್ರಿಲ್ 26ರಂದು ಜಾಂಜಿಬಾರ್ ದ್ವೀಪ ಅದರ ಜೊತೆಗೂಡಿತು. ಅದೇ ಇಂದಿನ ತಾಂಜಾನಿಯಾ, ಅದರ ಅಧ್ಯಕ್ಷರಾದವರು ನೈರೇರೆ.

ಮುಖ್ಯವಾಗಿ ಓದಬೇಕಾದದ್ದು 1967ರ ಅರುಷಾ ಘೋಷಣೆ, ಅಂದರೆ ಅವರ ಸಮಾಜವಾದಿ ನೀತಿಯ ಪ್ರಕಟಣೆ. ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಪಕ್ಷದ ನಾಯಕರು ಕಂಪನಿಗಳ ಷೇರು ಹೊಂದುವಂತಿಲ್ಲ, ಮನೆ ಬಾಡಿಗೆಗೆ ಕೊಡುವಂತಿಲ್ಲ, ಎರಡು ಸಂಬಳ ಪಡೆಯುವಂತಿಲ್ಲ ಎಂಬ ನಿಯಮ ಬಂತು (ಇಂಥ ಕಟ್ಟಳೆ ನಮ್ಮಲ್ಲಿ ಬಂದರೆ ಎಷ್ಟು ಜನ ಉಳಿದಾರು!). ‘ಉಜಾಮಾ’ ಎಂಬ ಸಾಮೂಹಿಕ ಕೃಷಿ ಗ್ರಾಮಗಳ ಕಲ್ಪನೆ ಚೆನ್ನಾಗಿಯೇ ಇತ್ತು. ಆದರೆ 1973ರ ನಂತರ ರೈತರನ್ನು ಬಲವಂತದಿಂದ ಒಕ್ಕಲೆಬ್ಬಿಸಿ ಹೊಸ ಹಳ್ಳಿಗಳಿಗೆ ಸಾಗಿಸಿದ್ದರಿಂದ ಕೃಷಿಗೆ ಪೆಟ್ಟು ಬಿತ್ತು, ಧಾನ್ಯದ ಆಮದು ಹೆಚ್ಚಿತು. ಏಕಪಕ್ಷ ಆಡಳಿತವೂ ಅವರ ಹೆಸರಿಗಿರುವ ಕಪ್ಪುಚುಕ್ಕೆ. ಪ್ರಾಥಮಿಕ ಶಿಕ್ಷಣದ ವಿಸ್ತರಣೆ ಮತ್ತು ನೂರಕ್ಕೂ ಹೆಚ್ಚು ಬುಡಕಟ್ಟುಗಳನ್ನು ಸ್ವಾಹಿಲಿ ಭಾಷೆಯ ಮೂಲಕ ಬೆಸೆದದ್ದು ಅವರ ನಿಜವಾದ ಗೆಲುವು. ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ತಾವೇ ಸ್ವಾಹಿಲಿಗೆ ಅನುವಾದಿಸಿದರು.

1979ರಲ್ಲಿ ಅವರ ಸೇನೆ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನನನ್ನು ಪದಚ್ಯುತಗೊಳಿಸಿತು. 1985ರಲ್ಲಿ ಸ್ವಇಚ್ಛೆಯಿಂದ ಅಧ್ಯಕ್ಷ ಪದವಿ ಬಿಟ್ಟರು. 1999ರ ಅಕ್ಟೋಬರ್ 14ರಂದು ಲಂಡನ್ನಿನಲ್ಲಿ ನಿಧನ. ಪ್ರತಿವರ್ಷ ಆ ದಿನ ತಾಂಜಾನಿಯಾದಲ್ಲಿ ಸಾರ್ವಜನಿಕ ರಜೆ.