ಯಂತ್ರ ಬರೆದ ಸುದ್ದಿಯಲ್ಲಿ ಯೋಗ್ಯತಾವಿಚಾರ

ವಾಕ್ಯದಿಂದ ಅರ್ಥಬೋಧೆಯಾಗಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿರುವರು. ‘ಬೆಂಕಿಯಿಂದ ತೋಯಿಸುತ್ತಾನೆ’ ಎಂಬಲ್ಲಿ ಪದಗಳು ಒಂದನ್ನೊಂದು ಬಯಸುತ್ತವೆ, ಸಮೀಪದಲ್ಲಿಯೂ ಇವೆ. ಆದರೆ ಬೆಂಕಿಗೆ ತೋಯಿಸುವ ಯೋಗ್ಯತೆಯಿಲ್ಲ. ಕೃತಕ ಬುದ್ಧಿಮತ್ತೆಯು ಪತ್ರಿಕಾಲಯವನ್ನು ಹೊಕ್ಕಿರುವ ಈ ಕಾಲದಲ್ಲಿ ವಿದ್ಯಾರ್ಥಿಗಳು ಈ ಹಳೆಯ ಪಾಠವನ್ನು ನೆನೆಯಬೇಕಾಗಿದೆ.

ಅಮೆರಿಕದ ಸಿನೆಟ್ ಎಂಬ ಸುದ್ದಿಸಂಸ್ಥೆಯು 2022ರ ನವೆಂಬರಿನಿಂದ ಹಣಕಾಸಿನ 77 ಲೇಖನಗಳನ್ನು ಯಂತ್ರದಿಂದ ಬರೆಯಿಸಿತು. 2023ರ ಜನವರಿಯಲ್ಲಿ ಪರಿಶೀಲಿಸಲಾಗಿ 41ನ್ನು ತಿದ್ದಬೇಕಾಯಿತು. ಒಂದರಲ್ಲಿ, 10,000 ಡಾಲರನ್ನು ಶೇಕಡ 3ರ ಬಡ್ಡಿಗೆ ಇಟ್ಟವನು ವರ್ಷಾಂತ್ಯಕ್ಕೆ 10,300 ಡಾಲರ್ ‘ಗಳಿಸುವನು’ ಎಂದಿತ್ತು! ಗಳಿಕೆ 300 ಮಾತ್ರ. ಉಳಿದುದು ಅವನದೇ ಮೂಲಧನ. ವ್ಯಾಕರಣದೋಷವಾದರೋ ಎಳ್ಳಷ್ಟೂ ಇಲ್ಲ.

ಇಂಥ ಯಂತ್ರವು ಅಪಾರವಾದ ಲಿಖಿತರಾಶಿಯನ್ನು ಅರಗಿಸಿಕೊಂಡು, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂಬುದನ್ನು ಗಣಿಸುತ್ತದೆ. ಆದ್ದರಿಂದ ಆಕಾಂಕ್ಷೆ, ಸನ್ನಿಧಿಗಳು ಅದಕ್ಕೆ ಕರತಲಾಮಲಕ. ಯೋಗ್ಯತೆಯನ್ನು ಲೋಕವನ್ನು ನೋಡಿಯೇ ತಿಳಿಯಬೇಕು. ವರದಿಗಾರನ ಕೆಲಸವೂ ಅದೇ ಅಲ್ಲವೆ?

2025ರ ಮೇ ತಿಂಗಳಲ್ಲಿ ಷಿಕಾಗೊ ಸನ್-ಟೈಮ್ಸ್ ಪತ್ರಿಕೆಯೊಡನೆ ಬಂದ, ಹೊರಗಿನವರು ಸಿದ್ಧಪಡಿಸಿದ ಪುರವಣಿಯಲ್ಲಿ, ಬೇಸಗೆಯ ಓದಿಗೆಂದು 15 ಪುಸ್ತಕಗಳ ಪಟ್ಟಿಯಿತ್ತು. ಅವುಗಳಲ್ಲಿ 10 ಗಗನಕುಸುಮಗಳು: ಗ್ರಂಥಕರ್ತರು ನಿಜ, ಗ್ರಂಥಗಳೇ ಇಲ್ಲ! ಪಟ್ಟಿಯನ್ನು ಯಂತ್ರದಿಂದ ಪಡೆದ ಲೇಖಕನು ಅದನ್ನು ಪರೀಕ್ಷಿಸಿರಲಿಲ್ಲ. ಪತ್ರಿಕೆಯ ಸಂಪಾದಕರು ಅಚ್ಚಿಗೆ ಮುನ್ನ ಅದನ್ನು ನೋಡಿಯೂ ಇರಲಿಲ್ಲ. ಅದಕ್ಕೆ ಎರಡು ತಿಂಗಳ ಹಿಂದಷ್ಟೆ ಆ ಪತ್ರಿಕೆಯ ಸಿಬ್ಬಂದಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಜನರು ಪರಿಹಾರಧನ ಪಡೆದು ಕೆಲಸ ಬಿಡಲು ಒಪ್ಪಿದ್ದರು.